ಪಿಕಪ್ಪಿಗೊಂದು ಜೋಡಿ ಡ್ರಮ್ಮು

"ಸ್ನೇಹಾ ಮದುವೆಗೆ ಹೊರಡೂದು ನಮ್ಮಪ್ಪನ ಪಿಕಪ್ಪಿನ್ಯಾಗ! ಹೊಡಿಯಾಂವ ನಾನ!"

ಅಣ್ಣನ ಮಗಳ ಮದುವೆ ಗೊತ್ತಾದ ದಿನ ಬನಹಟ್ಟಿಯ ನಮ್ಮ ಓಣಿಗೆಲ್ಲ ಕೇಳುವಂತೆ ಹೀಗೆ ಘೋಷಿಸಿದೆ. ಒಂದು ಕಾಲಕ್ಕೆ ಸೀರೆಯ ಗಂಟು ಹೊತ್ತು ಊರೂರು ಸುತ್ತಿದ ಆ ಗಾಡಿ ಈಗ ಹಿತ್ತಲಲ್ಲಿ ಬೆಕ್ಕುಗಳಿಗೆ ಬಾಣಂತಿಕೋಣೆಯಾಗಿತ್ತು. ಬೆಕ್ಕುಗಳನ್ನು ಎಬ್ಬಿಸಿದೆ, ಬಣ್ಣ ಬಳಿಸಿದೆ. ಎಂಜಿನ್ನು ಕೆಮ್ಮಿ ಕೆಮ್ಮಿ ಎದ್ದು ಕೂತಿತು. ಆದರೆ ಮುಂದಿನ ಒಂದು ಚಕ್ರದ ಬ್ರೇಕ್ ಡ್ರಮ್ಮು ಸೀಳಿ ಹೋಗಿತ್ತು.

"ಹೊರಡೂದೇನೋ ಖರೆ, ನಿಲ್ಲೂದು ಹ್ಯಾಂಗ?" ಎಂದಳು ಹೆಂಡತಿ ಉಮಾಶ್ರೀ, ಮಗ್ಗದಿಂದ ಕತ್ತೆತ್ತದೆ. ಸ್ನೇಹಾ ತಲೆಯ ಮೇಲೆ ಅಕ್ಕಿಕಾಳು ಬೀಳುವಾಗ ಉಡುವ ಸೀರೆಯನ್ನು ತಾನೇ ನೇಯುತ್ತೇನೆಂದು ಅವಳೂ ಮಾತು ಕೊಟ್ಟಿದ್ದಳು. ಓಣಿಗೆ ಮಾತ್ರ ಸಾರಿರಲಿಲ್ಲ.

ಶುರುವಾಯಿತು ಡ್ರಮ್ಮಿನ ದಂಡಯಾತ್ರೆ! ಜಮಖಂಡಿಯಲ್ಲಿ ಸಿಕ್ಕಿದ್ದು ಚಿಕ್ಕದು. ಬೀಳಗಿಯಲ್ಲಿ ಸಿಕ್ಕಿದ್ದು ಲಾರಿಯದು, ಅದರಲ್ಲಿ ನಾನೇ ಸ್ನಾನ ಮಾಡಬಹುದಿತ್ತು. ಮುಧೋಳದ ಗುಜರಿಯಲ್ಲಿ ಸಿಕ್ಕಿದ್ದು ಹೆಚ್ಚುಕಡಿಮೆ ಸರಿಯಿತ್ತು. ಹಾಕಿಸಿ, ಗಾಡಿ ಓಡಿಸಿ, ಬ್ರೇಕ್ ಒತ್ತಿದೆ. ನಿಂತಿತು! ರಸ್ತೆಯಲ್ಲಲ್ಲ, ಎಡಗಡೆಯ ಚಹದಂಗಡಿಯ ಬೆಂಚಿನ ಮೇಲೆ.

"ಹೆಚ್ಚುಕಡಿಮಿ ನಡ್ಯಾಂಗಿಲ್ರಿ ಮಾಲಕರ," ಎಂದ ಮಿಸ್ತ್ರಿ ಲಗಮಪ್ಪ. "ಎರಡೂ ಕಡಿ ಡ್ರಮ್ಮು ಒಂದ ತಾಯಿ ಮಕ್ಕಳಿರಬೇಕು."

ಮದುವೆಯವರು ಲೋಕಾಪುರಕ್ಕೆ ಹೊರಡುವ ಹಿಂದಿನ ದಿನ ಸೋತು ಮನೆಗೆ ಬಂದೆ. ಉಮಾಶ್ರೀ ಬಳೆ ತರಲು ಜಮಖಂಡಿಗೆ ಹೋಗಿದ್ದಳು. ಅರ್ಧ ನೇಯ್ದ ಸೀರೆ ಮಗ್ಗದ ಮೇಲಿತ್ತು. ಹಾಸಿನ ಎಳೆ ಬಿಗಿಯಾಗಿರಲೆಂದು ಮಗ್ಗದ ಎರಡೂ ಬದಿಯ ಸನ್ನೆಗೋಲಿಗೆ ಭಾರ ತೂಗುಬಿಟ್ಟಿರುತ್ತಾರೆ. ಒಂದು ಬದಿಗೆ ಕಬ್ಬಿಣದ ಗಟ್ಟಿ. ಇನ್ನೊಂದು ಬದಿಗೆ ಹತ್ತಿಯ ಧೂಳು ಮೆತ್ತಿಕೊಂಡ ಏನೋ ಒಂದು. ಒರೆಸಿ ನೋಡಿದೆ. ಡ್ರಮ್ಮು! ನಮ್ಮ ಗಾಡಿಯದೇ, ಇನ್ನೂ ಗಟ್ಟಿಯಿದ್ದ ಹಳೆಯ ಡ್ರಮ್ಮನ್ನು ಅಪ್ಪ ಎಸೆಯದೆ ಇಲ್ಲಿ ನೇತುಹಾಕಿದ್ದ. ಬಿಚ್ಚಿ ಲಗಮಪ್ಪನಿಗೆ ಮುಟ್ಟಿಸಿದೆ. ಅದರ ಜಾಗಕ್ಕೆ ಅಡುಗೆಮನೆಯ ಗುಂಡುಕಲ್ಲು ಬಿಗಿದೆ. ಭಾರವೆಂದರೆ ಭಾರ, ಮಗ್ಗಕ್ಕೇನು ಕಣ್ಣಿದೆಯೇ?

ಮಗ್ಗಕ್ಕೆ ಕಣ್ಣಿತ್ತು! ಮರುದಿನ ಮುಂಜಾನೆ ಉಮಾಶ್ರೀ ಕರೆಂಟಿನ ಮಗ್ಗದ ಗುಂಡಿ ಒತ್ತಿದ್ದೇ ತಡ, ಭಾರ ಹೆಚ್ಚಾದ ಕಲ್ಲಿನ ಬದಿಯ ಎಳೆಗಳು ಪಟಪಟ ಹರಿದವು. ನೇಯ್ಗೆ ಸೊಟ್ಟಗೆ ಓಡಿತು. ಸೀರೆಯೂ ಚಹದಂಗಡಿಯ ಕಡೆಗೇ ಹೊರಟಿತ್ತು!

ಮಗ್ಗ ನಿಲ್ಲಿಸಿ ಉಮಾಶ್ರೀ ಬಗ್ಗಿ ನೋಡಿದಳು.

"ಚಟ್ನಿ ಅರಿಯೂ ಕಲ್ಲು ಇಲ್ಲ್ಯಾಕ ಬಂತು?"

"ಅದು... ಗಾಡಿಗೆ ಜೋಡಿ ಬೇಕಿತ್ತಲ್ಲ..."

"ಗಾಡಿಗಿ ಜೋಡಿ ಬೇಕು. ಮಗ್ಗಕ್ಕ ಬ್ಯಾಡೇನ್ರಿ?"

ಅವಳ ಕಣ್ಣಲ್ಲಿ ನೀರಾಡಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ನೋಡಿ ನಿಜವಾಗಿಯೂ ನಾಚಿಕೆಯಾಯಿತು. ತೂಕದ ಕಲ್ಲು ತರಲು ಕಿರಾಣಿ ಅಂಗಡಿಗಳಿಗೆ ಓಡಿದೆ. ಎಲ್ಲೆಲ್ಲೂ ಕರೆಂಟಿನ ತಕ್ಕಡಿ! ವಾಪಸು ಬಂದು, "ಡ್ರಮ್ಮನ್ನೇ ಬಿಚ್ಚಿ ತರತೇನಿ," ಎಂದೆ.

"ಹುಡುಗಿ ಕುಂಡ್ರೂ ಗಾಡಿ ಬ್ರೇಕ್ ಬಿಚ್ಚತೀರೇನು? ಬ್ಯಾಡ. ಇಲ್ಲಿ ಕುಂಡ್ರಿ." ಹರಿದ ಎಳೆಗಳನ್ನು ಒಂದೊಂದಾಗಿ ಕೂಡಿಸಿ, ಕಲ್ಲು ಬಿಚ್ಚಿ, ಸನ್ನೆಯನ್ನು ನನ್ನ ಕೈಗೆ ಕೊಟ್ಟಳು. "ಒತ್ತರಿ. ಅಷ್ಟಲ್ಲ! ಚೂರು ಸಡ್ಲ ಬಿಡ್ರಿ. ಹಾಂ, ಹಂಗ ಇರ್ರಿ. ಸೀರಿ ಮುಗಿಯೂತನಕ."

ಮಗ್ಗ ಖಟಾಖಟ್ ಎಂದಿತು. ನೇಯ್ಗೆ ನೆಟ್ಟಗಾಯಿತು. ನಾನು ನೆಲದ ಮೇಲೆ ಕುಕ್ಕರಗಾಲಲ್ಲಿ, ಮೈತುಂಬ ಹತ್ತಿಯ ಧೂಳು ಹೊತ್ತು, ಸನ್ನೆ ಒತ್ತುತ್ತ ಕೂತೆ.

ಆಗ ಹೊರಗೆ ಹಾರ್ನ್ ಆಯಿತು. ಹೂವಿನ ಹಾರ ಹಾಕಿಕೊಂಡ ಅಪ್ಪನ ಪಿಕಪ್ಪು ಬಂದು, ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟೂ ಜರುಗದೆ, ನಮ್ಮ ಬಾಗಿಲ ಮುಂದೆ ನಿಂತಿತು. ಆಹಾ, ಏನು ಬ್ರೇಕು! ಸ್ಟೇರಿಂಗು ಹಿಡಿದವನು ಲಗಮಪ್ಪ. ಕೈ ಬೀಸೋಣವೆಂದು ಒಂದು ಕೈ ಎತ್ತಿದೆ.

"ಕೈ ತಗೀಬ್ಯಾಡ್ರಿ!" ಗದರಿದಳು ಉಮಾಶ್ರೀ.

ಸ್ನೇಹಾ ಗಾಡಿಯಿಂದಲೇ ಕೂಗಿದಳು: "ಕಾಕು, ಕಾಕಾ ಎಲ್ಲಿ? ಗಾಡಿ ನಾನ ಹೊಡೀತೇನಿ ಅಂದಿದ್ರಲ್ಲ?"

"ಡ್ರಮ್ಮು ಇದ್ದಲ್ಲಿ ಕುಂತಾರವ್ವಾ! ನೀ ನಡಿ, ಸೀರಿ ಹಿಂದಿಂದ ತರತೇವಿ."