ಒಂದೇ ಗುಟುಕು ಮ್ಯಾಂಗೊನಾದಾ

ಹೆಂಡತಿ ಫ್ರೀಜರಿನಲ್ಲಿ ಎತ್ತಿಟ್ಟಿದ್ದ ಮ್ಯಾಂಗೊನಾದಾವನ್ನು ಒಂದು ಗುಟುಕು ನೋಡೋಣವೆಂದು ತೆಗೆದ ಇಲಾರಿಯೊ, ಲೋಟದ ತಳ ಕಂಡ ಮೇಲೆಯೇ ನಿಲ್ಲಿಸಿದ. ಮಾವಿನ ಹಣ್ಣಿನ ಹಿಮಕ್ಕೆ ಹುಳಿಖಾರದ ಚಮೊಯ್ ಸುರಿದು ಅವಳು ತನಗೆಂದೇ ಮಾಡಿಕೊಂಡದ್ದು ಅದು. ಸೊಲೆದಾದ್ ಕೂಗಾಡಲಿಲ್ಲ. ಗ್ವಾಯ್ಮಾಸಿನ ತವರಿಗೆ ಹೊರಡಲು ಚೀಲ ಕಟ್ಟಿದಳು.

"ಒಂದು ಲೋಟಕ್ಕಲ್ಲ ನಾನು ಅಳ್ತಿರೋದು," ಎಂದಳು. "ಮದುವೆಯಾದಾಗಿಂದ ನನ್ನ ಪಾಲು ಅಂತ ಏನನ್ನೂ ಉಳಿಸಿಲ್ಲ ನೀನು."

ಮಾತು ನಿಜವಾಗಿತ್ತು, ಅದಕ್ಕೇ ಚುಚ್ಚಿತು. "ಬಸ್ಸಿಗಿನ್ನೂ ಹೊತ್ತಿದೆ. ಮಾರ್ಕೆಟ್ಟಿಂದ ದೊಡ್ಡದೇ ತರ್ತೀನಿ, ಕೂತಿರು," ಎಂದು ಓಡಿದ.

ಕೊಂಡದ್ದೇನೋ ಆಯಿತು. ಆದರೆ ಅವರ ಊರು ಎರ್ಮೊಸಿಯೊದಲ್ಲಿ ತಿನ್ನುವ, ಕುಡಿಯುವ ವಸ್ತು ಕೈಯಲ್ಲಿದ್ದವನು ಎದುರಾದವರನ್ನು 'ತಗೋತೀರಾ?' ಎನ್ನಲೇಬೇಕು. ಅವರು 'ಬೇಡ, ಚೆನ್ನಾಗಿ ಹಿಡಿಸಲಿ' ಎನ್ನಬೇಕು. ಅಲ್ಲಿಗೆ ಮರ್ಯಾದೆಯೂ ಉಳಿಯಿತು, ಲೋಟವೂ ಉಳಿಯಿತು. ಅಂದು ಮಾತ್ರ ಜೂನ್ ಬಿಸಿಲಿಗೆ ಎಲ್ಲರ ಮರ್ಯಾದೆಯೂ ಕರಗಿತ್ತು.

"ಬೇಡ ಅಂದ್ರೆ ನೀವು ಬೇಜಾರು ಮಾಡ್ಕೋತೀರಿ," ಎಂದು ಕ್ಷೌರದಂಗಡಿಯ ದೊನ್ ನೆಮೆಸಿಯೊ ಕತ್ತರಿ ಕೆಳಗಿಟ್ಟು, ಎರಡೂ ಕೈಯಲ್ಲಿ ಲೋಟ ಹಿಡಿದ.

ಪಕ್ಕದ ಮನೆಯ ದೋನ್ಯಾ ಚಾಯೊ ಅಷ್ಟಕ್ಕೇ ಬಿಡಲಿಲ್ಲ. "ಖಾರ ಸಾಲದು ಕಣೋ. ತಡಿ, ಇನ್ನೊಂದು ಸಲ ನೋಡಿ ಹೇಳ್ತೀನಿ." ಹೀರುವ ಕೊಳವೆಗೆ ಮೆತ್ತಿದ್ದ ಹುಣಸೆಯನ್ನೂ ನೆಕ್ಕಿ ಕೊಟ್ಟಳು. "ಹೂಂ, ಸಾಲದು."

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. 'ನಾಚಿಕೆಗೆಟ್ಟ ಜನ, ಉಪಚಾರಕ್ಕೆ ಕೇಳಿದರೆ ಬಾಯಿಯನ್ನೇ ಹಾಕುತ್ತಾರೆ' ಎಂದು ಬೈದುಕೊಳ್ಳುತ್ತ, ತಾನೊಂದು ಹನಿಯನ್ನೂ ಮುಟ್ಟದೆ ಅವನು ಮನೆ ಸೇರಿದ.

ಸೊಲೆದಾದ್ ಚೀಲ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು. ಅರ್ಧ ಲೋಟವನ್ನು ನೋಡಿದಳು, ಬೆವರಿಳಿಯುತ್ತಿದ್ದ ಗಂಡನನ್ನು ನೋಡಿದಳು.

"ಇಷ್ಟಾದ್ರೂ ಉಳಿಸ್ಕೊಂಡು ಬಂದೆಯಲ್ಲ," ಎಂದಳು. ಚೀಲ ಕೆಳಗಿಳಿಯಿತು. ಇಲಾರಿಯೊನಿಗೆ ಹೋದ ಜೀವ ಬಂದಂತಾಯಿತು.

ಕೊಳವೆ ತುಟಿಗಿಡುವ ಮುಂಚೆ, ಹುಟ್ಟಿನಿಂದ ಬಂದ ಅಭ್ಯಾಸ, ಅವಳು ಕೇಳಿದಳು: "ತಗೋತೀಯಾ?"

ಏನು ಹೇಳಬೇಕೆಂದು ಊರಿನ ಕೂಸಿಗೂ ಗೊತ್ತು. ಇಲಾರಿಯೊನಿಗೂ ಗೊತ್ತಿತ್ತು. ಆದರೆ ಗಂಟಲು ಸುಟ್ಟ ಇಟ್ಟಿಗೆಯಾಗಿತ್ತು.

"ಒಂದೇ ಗುಟುಕು," ಎಂದ.

ತಳದಲ್ಲಿ ಕೊಳವೆ ಗೊರ್ರೆಂದಾಗಲೇ ಅವನು ಕಣ್ಣು ತೆರೆದದ್ದು. ಬೇಡ ಎಂಬ ಎರಡಕ್ಷರ ಈಗ ನಾಲಿಗೆಗೆ ಬಂತು. ಯಾವ ಪ್ರಯೋಜನವೂ ಇರಲಿಲ್ಲ.

ಸೊಲೆದಾದ್ ಚೀಲ ಎತ್ತಿಕೊಂಡಳು. ಒಳ್ಳೆಯ ಮನೆತನದವಳು, ಹೋಗುವಾಗಲೂ ಮರ್ಯಾದೆ ಬಿಡಲಿಲ್ಲ.

"ಚೆನ್ನಾಗಿ ಹಿಡಿಸಲಿ," ಎಂದು ಹೇಳಿ ಬಸ್ ನಿಲ್ದಾಣದ ಕಡೆ ನಡೆದಳು.