ಏಪ್ರನ್ ತೆಗೆಯುವ ವಿಚಾರ

ಬಟ್ಟೆ ಕಾರ್ಖಾನೆಯ ಕಟಿಂಗ್ ಮಾಸ್ಟರು ಅಂದು ಮಾಡಿದ ತಪ್ಪು ಒಂದೇ. ಡಾಕ್ಟರು ಬರೆದುಕೊಟ್ಟಿದ್ದ ಹಾಳೆಯನ್ನು ಜೇಬಿನಲ್ಲಿಟ್ಟುಕೊಳ್ಳುವ ಬದಲು, ಕೆಲಸದ ನಡುವೆ ಆಗಾಗ ನೋಡಬಹುದೆಂದು ಪ್ಯಾಟರ್ನ್ ಕಾಗದಗಳ ಫೈಲಿನೊಳಗೆ ಸೇರಿಸಿಬಿಟ್ಟರು.

ಮಾಸ್ಟರು ಎರಡು ವರ್ಷದಲ್ಲಿ ನಲವತ್ತೆರಡು ಕಿಲೋ ಇಳಿಸಿದ್ದರು. ಅರ್ಧ ಊಟ, ಬೆಳಿಗ್ಗೆ ಸಂಜೆ ನಡಿಗೆ, ಬಾಯಿಗೆ ಬೀಗ. ಕೊಬ್ಬೇನೋ ಹೋಯಿತು. ಅದನ್ನು ತುಂಬಿಕೊಂಡಿದ್ದ ಹೊಟ್ಟೆಯ ಚರ್ಮ ಮಾತ್ರ, ಬಾಡಿಗೆಯವರು ಖಾಲಿ ಮಾಡಿಹೋದ ಮನೆಯ ಪರದೆಯಂತೆ, ತೂಗಾಡುತ್ತ ಉಳಿಯಿತು. ದಿನಾ ಸ್ನಾನವಾದ ಮೇಲೆ ಅದನ್ನು ಮೇಲಕ್ಕೆತ್ತಿ ಒರೆಸಿ, ಪೌಡರ್ ಹಾಕಿ, ಮಡಿಸಿ ಪ್ಯಾಂಟಿನೊಳಗೆ ಸೇರಿಸಬೇಕು. ಬೇಸಿಗೆಯಲ್ಲಿ ಮಡಿಕೆಯ ಸಂದಿಯೆಲ್ಲ ಕೆಂಪಾಗಿ ಉರಿಯುತ್ತಿತ್ತು. ಬಟ್ಟೆ ಕತ್ತರಿಸಲು ಮೇಜಿನ ಮೇಲೆ ಬಗ್ಗಿದರೆ ಅವರಿಗಿಂತ ಮೊದಲು ಅದು ಮೇಜಿನ ಮೇಲೆ ಕೂರುತ್ತಿತ್ತು.

ಡಾಕ್ಟರು ಎರಡು ದಾರಿ ಹೇಳಿದ್ದರು. ಒಂದು, ಜೋತುಬಿದ್ದ ಚರ್ಮವನ್ನಷ್ಟೇ ಕತ್ತರಿಸಿ ಹೊಲಿಯುವುದು. ಇನ್ನೊಂದು, ಒಳಗಿನ ಸ್ನಾಯುಗಳನ್ನೂ ಬಿಗಿಮಾಡಿ, ಮೇಲಿನ ಚರ್ಮವನ್ನು ಕೆಳಗೆಳೆದು, ಹೊಕ್ಕುಳಿಗೆ ಹೊಸ ಜಾಗದಲ್ಲಿ ತೂತು ಮಾಡಿ, ಪೂರ್ತಿ ಹೊಟ್ಟೆಯನ್ನೇ ಸರಿಪಡಿಸುವುದು. ಮೊದಲನೆಯದರಲ್ಲಿ ಬೇಗ ಚೇತರಿಕೆ, ಎರಡನೆಯದರಲ್ಲಿ ಹೆಚ್ಚು ಅಂದ. ಮುಂದಿನ ಗುರುವಾರದ ತಾರೀಕನ್ನು ಅವರಿಗಾಗಿ ಹಿಡಿದಿಟ್ಟಿದ್ದರು. ಯಾವುದೆಂದು ಇಂದು ಸಂಜೆ ಐದು ಗಂಟೆಗೆ, ಮನೆಯವರೊಬ್ಬರನ್ನು ಕರೆದುಕೊಂಡು ಬಂದು ಹೇಳಬೇಕಿತ್ತು.

ತಿಂಗಳಿಡೀ ಯೋಚಿಸಿದರೂ ಮಾಸ್ಟರಿಗೆ ತೀರ್ಮಾನವಾಗಿರಲಿಲ್ಲ. ಬೆಳಿಗ್ಗೆ ಹೊರಡುವಾಗ ಹೆಂಡತಿ, "ಯಾವುದೋ ಒಂದು ಅಂದುಕೊಳ್ರೀ, ನಾನು ಐದಕ್ಕೆ ಸೀದಾ ಆಸ್ಪತ್ರೆಗೇ ಬರ್ತೀನಿ," ಎಂದಿದ್ದಳು. "ಯಾವುದೋ ಒಂದು ಅನ್ನೋಕೆ ಇದೇನು ಬಕೆಟ್ಟಾ?" ಎಂದು ಮಾಸ್ಟರು ಚಪ್ಪಲಿ ಮೆಟ್ಟಿದ್ದರು.

ಹನ್ನೊಂದರ ಹೊತ್ತಿಗೆ ಹೊಲಿಗೆ ಹಾಲಿನಿಂದ ಸೂಪರ್‌ವೈಸರ್ ಅಕ್ಕ ಬಂದರು. ಕೈಯಲ್ಲಿ ಬಿಳಿ ಬಟ್ಟೆಯದೊಂದು ವಿಚಿತ್ರ ವಸ್ತುವಿತ್ತು. ಅದಕ್ಕೆ ಕುತ್ತಿಗೆಯಿಲ್ಲ, ತೋಳಿಲ್ಲ, ನಟ್ಟನಡುವೆ ಒಂದು ತೂತು.

"ಮಾಸ್ಟರ್ರೇ, ಏಪ್ರನ್ ಸ್ಯಾಂಪಲ್ ಹೊಲಿಸಿದೀನಿ. ಆದ್ರೆ ಕಟ್ಟೋಕೆ ಲಾಡಿ ಎಲ್ಲಿ ಬರುತ್ತೆ ಅಂತ ನಿಮ್ಮ ಪ್ಯಾಟರ್ನಲ್ಲಿ ಇಲ್ಲ."

"ಯಾವ ಏಪ್ರನ್?"

ಅಕ್ಕ ಪ್ಯಾಟರ್ನ್ ಫೈಲಿನಲ್ಲಿ ಸಿಕ್ಕಿದ ಹಾಳೆಯನ್ನು ಮುಂದೆ ಹಿಡಿದರು. ಡಾಕ್ಟರು ಬಿಡಿಸಿದ್ದ ಎರಡು ಹೊಟ್ಟೆಗಳು, ಚುಕ್ಕೆ ಚುಕ್ಕೆ ಗೆರೆಗಳು, ಬಾಣದ ಗುರುತುಗಳು, ಸೆಂಟಿಮೀಟರ್ ಲೆಕ್ಕ. ಜೋತುಬಿದ್ದ ಚರ್ಮಕ್ಕೆ ಡಾಕ್ಟರುಗಳು ಏಪ್ರನ್ ಎಂದೇ ಅನ್ನುತ್ತಾರಂತೆ. ಆ ಕೈಬರಹದಲ್ಲಿ ಓದಲು ಬರುತ್ತಿದ್ದ ಪದವೂ ಅದೊಂದೇ.

ಹಾಳೆಯನ್ನು ಕಸಿದುಕೊಂಡು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಅಕ್ಕ, "ಇನ್ನೂರು ಪೀಸಿಗೆ ಬಟ್ಟೆ ತೆಗೆದಿಡೋಕೆ ಹೇಳ್ಬಿಟ್ಟಿದೀನಿ," ಎಂದರು. ಮಾಸ್ಟರು ಬೇರೆ ದಾರಿಯಿಲ್ಲದೆ ಅವರ ಕಿವಿಯ ಹತ್ತಿರ ನಿಜ ಹೇಳಿದರು.

ಅಕ್ಕ ಸ್ಯಾಂಪಲ್ಲನ್ನೊಮ್ಮೆ, ಮಾಸ್ಟರ ಹೊಟ್ಟೆಯನ್ನೊಮ್ಮೆ ನೋಡಿದರು. "ಹೌದಾ. ನಾನು ಯಾರಿಗೂ ಹೇಳಲ್ಲ ಬಿಡಿ," ಎಂದರು.

ಊಟದ ಗಂಟೆ ಹೊಡೆಯುವುದರೊಳಗೆ ಮೂವತ್ತೆರಡು ಮೆಷಿನ್ನುಗಳ ಮುಂದೆ ಕೂತಿದ್ದವರೆಲ್ಲ ಎರಡು ಪಂಗಡವಾಗಿದ್ದರು.

ಮೊದಲನೆಯದರ ಪರವಾಗಿ ನಿಂತವರು ಅಕ್ಕನೇ. "ಜಾಸ್ತಿ ಇರೋದನ್ನ ಕತ್ತರಿಸಿ ಅಂಚು ಹೊಲಿದರೆ ಮುಗೀತು ಮಾಸ್ಟರ್ರೇ. ಒಳಗಿನ ಹೊಲಿಗೆ ಯಾಕೆ ಬಿಚ್ಚಬೇಕು? ನಿಮಗೆ ಬೇಕಾಗಿರೋದು ಉರಿ ನಿಲ್ಲೋದು. ಅಂಗಿ ಬಿಚ್ಚಿ ಫೋಟೋ ತೆಗೆಸ್ಕೋತೀರಾ?"

ಎರಡನೆಯ ಪಂಗಡದ ಮುಖಂಡ, ಗುಂಡಿಯ ತೂತು ಹೊಲಿಯುವ ಮೆಷಿನ್ನಿನವನು. ಇಪ್ಪತ್ತು ವರ್ಷದಿಂದ ಕಾಜಾ ಹೊಲಿದು ಹೊಲಿದು ಅವನಿಗೆ ಕಾಜಾ ಎಂಬುದೇ ಹೆಸರಾಗಿಬಿಟ್ಟಿತ್ತು.

"ಅಸ್ತರು ಸಡಿಲ ಇಟ್ಕೊಂಡು ಮೇಲಿನ ಬಟ್ಟೆ ಮಾತ್ರ ಬಿಗಿ ಮಾಡಿದ್ರೆ ಎಷ್ಟು ದಿನ ನಿಲ್ಲುತ್ತೆ ಅಣ್ಣ? ನೀವೇ ನಮಗೆ ಹೇಳಿಕೊಟ್ಟಿದ್ದು. ಮಾಡೋದಾದ್ರೆ ಪೂರ್ತಿ ಮಾಡಿಸಿ. ಆದ್ರೆ ಆ ಹೊಸ ಹೊಕ್ಕುಳು ಇದೆಯಲ್ಲ, ಅದನ್ನ ಎಲ್ಲಿ ಇಡ್ತಾರೆ ಅಂತ ಮೊದಲೇ ಕೇಳ್ಕೊಳಿ. ಕಾಜಾ ಅರ್ಧ ಇಂಚು ಪಕ್ಕಕ್ಕೆ ಹೋದ್ರೆ ಇಡೀ ಅಂಗಿ ಸೊಟ್ಟ ಕಾಣುತ್ತೆ."

ಮಾಸ್ಟರಿಗೆ ಹೊಕ್ಕುಳಿನ ಚಿಂತೆ ಅಲ್ಲಿಯವರೆಗೆ ಇರಲಿಲ್ಲ. ಈಗ ಅದೂ ಶುರುವಾಯಿತು.

"ಗುರುತು ಹಾಕಿ ನೋಡಿದ್ರೆ ಗೊತ್ತಾಗುತ್ತೆ," ಎಂದ ಕಾಜಾ. ಅದು ಮಾಸ್ಟರಿಗೆ ಸರಿಯೆನಿಸಿದ್ದೇ ಆಶ್ಚರ್ಯ. ಆದರೆ ಜೀವನವಿಡೀ ಗುರುತು ಹಾಕದೆ ಕತ್ತರಿ ಹಿಡಿಯದ ಮನುಷ್ಯ. ಬಟ್ಟೆಯ ಥಾನುಗಳನ್ನು ಅಡ್ಡ ನಿಲ್ಲಿಸಿ, ಅಂಗಿ ಮೇಲೆತ್ತಿ, ಕಟಿಂಗ್ ಮೇಜಿನ ಮೇಲೆ ಅಂಗಾತ ಮಲಗಿದರು. ಹೆಂಗಸರೆಲ್ಲ ಮುಖ ಆ ಕಡೆ ತಿರುಗಿಸಿ ನಿಂತರೂ ಸಲಹೆ ನಿಲ್ಲಿಸಲಿಲ್ಲ. ಕಾಜಾ ಟೇಪು ಹಿಡಿದು, ನೀಲಿ ಚಾಕಿನಿಂದ ಕೆಳಗೊಂದು ಗೆರೆ, ಮೇಲೊಂದು ಗೆರೆ ಎಳೆದು, ನಡುವೆ ಒಂದು ಸಣ್ಣ ಸೊನ್ನೆ ಸುತ್ತಿದ.

"ಅಂಚಿಗೆ ಒಂದಿಂಚು ಬಿಡು," ಎಂದು ಥಾನುಗಳ ಆಚೆಯಿಂದ ಅಕ್ಕ ಎಚ್ಚರಿಸಿದರು.

"ಉಸಿರು ಬಿಡಬೇಡಿ ಅಣ್ಣ, ಗೆರೆ ಅಲ್ಲಾಡುತ್ತೆ."

ಮಾಸ್ಟರು ಉಸಿರು ಕಟ್ಟಿ ಮಲಗಿದ್ದಾಗಲೇ ಯಜಮಾನರು ಒಳಗೆ ಬಂದರು. ಅವರ ಜೊತೆಗೆ, ಮಕ್ಕಳ ಯೂನಿಫಾರ್ಮಿನ ಅಳತೆ ಮಾತಾಡಲು ಬಂದ ಶಾಲೆಯೊಂದರ ಹೆಡ್‌ಮಿಸ್ಸು. ಆಕೆ ಕನ್ನಡಕ ಸರಿಮಾಡಿಕೊಂಡು ಮೇಜಿನ ಮೇಲಿದ್ದುದನ್ನು ನೋಡಿದರು. "ನಮ್ಮ ಅಳತೆ ನಾಳೆ ಕೊಡ್ತೀನಿ," ಎಂದು ಬಂದ ದಾರಿಯಲ್ಲೇ ಹೊರಟುಹೋದರು.

ಯಜಮಾನರು ಬೈಯುತ್ತಾರೆಂದು ಎಲ್ಲರೂ ತಲೆ ತಗ್ಗಿಸಿದರು. ಅವರು ವಿಷಯ ಕೇಳಿ ತಿಳಿದು, ಮೇಜಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು.

"ಮುಂದೆ ಮಾತ್ರ ಎಳೆದ್ರೆ ಪಕ್ಕದಲ್ಲಿ ಸುಕ್ಕು ಬರಲ್ವೇನಯ್ಯಾ? ಸೊಂಟದ ಸುತ್ತಲೂ, ಬೆಲ್ಟ್ ಥರ, ಹಿಂದಿನದನ್ನೂ ಸೇರಿಸಿ ತೆಗೆಯೋದು ಅಂತ ಒಂದಿದೆ. ನನ್ನ ಷಡ್ಡಕನಿಗೆ ಮಾಡಿದಾರೆ. ಅವನು ಎರಡು ತಿಂಗಳು ಕೂರೋಕಾಗದೆ ಮಲಗೋಕಾಗದೆ ಇದ್ದ, ಅದು ಬಿಡು. ನೀನು ಕೇಳಿದ್ದಕ್ಕೆ ಗುರುವಾರದಿಂದ ಹದಿನೈದು ದಿನ ರಜ ಕೊಟ್ಟಿದೀನಲ್ಲ, ಬೇಕಾದ್ರೆ ಇನ್ನೊಂದು ವಾರ ತಗೋ. ಮಾಡಿಸಿದ್ರೆ ಅದನ್ನೇ ಮಾಡಿಸು."

ಬೆಳಿಗ್ಗೆ ಎರಡಿದ್ದ ದಾರಿ ಮಧ್ಯಾಹ್ನಕ್ಕೆ ಮೂರಾಯಿತು. ಯಜಮಾನರೇ ಮುಂದೆ ನಿಂತು ಮಾಸ್ಟರನ್ನು ಮಗ್ಗುಲಿಗೆ ತಿರುಗಿಸಿ ಬೆನ್ನಿನ ಮೇಲೂ ಗೆರೆ ಎಳೆಸಿದರು. ನಾಲ್ಕೂವರೆಗೆ ಮಾಸ್ಟರು ಕಾರ್ಖಾನೆ ಬಿಟ್ಟಾಗ ಅವರ ತಲೆಯೂ ಹೊಟ್ಟೆಯೂ ಒಂದೇ ರೀತಿ ಗೀಚಿಹೋಗಿದ್ದವು. ದಾರಿಯುದ್ದಕ್ಕೂ ಒಂದು ದೀಪದ ಕಂಬಕ್ಕೆ ಅಕ್ಕನ ಮಾತು ಸರಿ, ಮುಂದಿನದಕ್ಕೆ ಕಾಜಾನ ಮಾತು ಸರಿ, ಅದರ ಮುಂದಿನದಕ್ಕೆ ಯಜಮಾನರ ಮಾತು ಸರಿ ಎಂದುಕೊಳ್ಳುತ್ತ ನಡೆದರು. ಆಸ್ಪತ್ರೆಯ ಮೆಟ್ಟಿಲ ಹತ್ತಿರ ಇದ್ದ ಕಂಬ ಕಾಜಾನದಾಗಿತ್ತು. ಹಾಗಾಗಿ ಎರಡನೆಯದೇ ಎಂದು ಗಟ್ಟಿಮಾಡಿಕೊಂಡರು. ಮನಸ್ಸು ಹಗುರವಾಯಿತು. ಇನ್ನು ಗುರುವಾರ ಒಂದು ಕಳೆದರೆ, ಅಂಗಿ ಇನ್‌ಶರ್ಟ್ ಮಾಡಿಕೊಂಡು ಓಡಾಡುವ ಮನುಷ್ಯನಾಗಬಹುದು.

ಹೆಂಡತಿ ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದಳು. ಇಬ್ಬರೂ ಒಳಗೆ ಹೋದರು.

ಡಾಕ್ಟರು ಐವತ್ತು ದಾಟಿದ ಹೆಂಗಸು, ಮಾತು ಕಮ್ಮಿ. "ಯೋಚನೆ ಮಾಡಿದ್ರಾ?" ಎಂದರು.

"ಮಾಡಿದೆ ಮೇಡಂ. ಎರಡನೇದು."

"ಸರಿ, ಒಂದ್ಸಲ ನೋಡ್ತೀನಿ, ಮಲಗಿ."

ಮಾಸ್ಟರು ಚಾಕಿನ ವಿಷಯ ಮರೆತೇಬಿಟ್ಟಿದ್ದರು. ಅಂಗಿ ಎತ್ತಿದಾಗ ಡಾಕ್ಟರು ನೀಲಿ ಗೆರೆಗಳ ಮೇಲೆ ಬಗ್ಗಿದರು. ಬೆರಳಿನಿಂದ ಗೆರೆ ಹಿಡಿದು ಈ ಪಕ್ಕದಿಂದ ಆ ಪಕ್ಕಕ್ಕೆ ಹೋದರು.

"ಯಾವ ಆಸ್ಪತ್ರೆಯಲ್ಲಿ ಗುರುತು ಹಾಕಿಸ್ಕೊಂಡು ಬಂದ್ರಿ?"

"ಆಸ್ಪತ್ರೆ ಅಲ್ಲ ಮೇಡಂ. ನಮ್ಮ ಕಾಜಾ."

"ಯಾರವರು, ಸರ್ಜನ್ನಾ?"

"ಗುಂಡಿ ತೂತು ಹೊಲಿಯೋನು."

"ಗೆರೆ ಚೆನ್ನಾಗಿ ಎಳೆದಿದಾರೆ," ಎಂದರು ಡಾಕ್ಟರು.

ಅಲ್ಲಿಯವರೆಗೆ ತುಟಿ ಕಚ್ಚಿ ಕೂತಿದ್ದ ಹೆಂಡತಿ ಇನ್ನು ತಡೆಯಲಾರದೆ ನಕ್ಕಳು. ನಗು ಜೋರಾಗುತ್ತಿದ್ದಂತೆ ಎರಡೂ ಕೈಯಿಂದ ಹೊಟ್ಟೆಯನ್ನು ಒತ್ತಿ ಹಿಡಿದುಕೊಂಡು ಮುಂದಕ್ಕೆ ಬಗ್ಗಿದಳು. ಡಾಕ್ಟರು ಮಾಸ್ಟರನ್ನು ಬಿಟ್ಟು ಅವಳ ಕಡೆ ನೋಡಿದರು.

"ಯಾಕಮ್ಮಾ ಹಾಗೆ ಒತ್ತಿ ಹಿಡ್ಕೋತೀರಿ?"

"ಹಿಡ್ಕೊಳ್ದೇ ನಕ್ರೆ ಹೊಕ್ಕುಳ ಹತ್ರ ಗಂಟು ಥರ ಹೊರಗೆ ಬರುತ್ತೆ ಮೇಡಂ. ಕೆಮ್ಮಿದ್ರೂ ಅಷ್ಟೇ. ನೀರಿನ ಬಿಂದಿಗೆ ಎತ್ತಿದ್ರೆ ನೋವು. ಎರಡನೇ ಹೆರಿಗೆ ಆದಾಗಿಂದ ಹಿಂಗೇ. ಒತ್ತಿದ್ರೆ ಒಳಗೆ ಹೋಗುತ್ತೆ."

ಎರಡನೇ ಮಗಳಿಗೆ ಈಗ ಹದಿನಾರು ವರ್ಷ. ಅಂಗಾತ ಮಲಗಿದ್ದ ಮಾಸ್ಟರು ತಲೆಯೆತ್ತಿ ಹೆಂಡತಿಯನ್ನು ನೋಡಿದರು. "ನನಗೆ ಹೇಳೇ ಇಲ್ಲವಲ್ಲೇ?"

"ನೀವು ಕೇಳ್ಲಿಲ್ಲ."

ಡಾಕ್ಟರು ಮಾಸ್ಟರನ್ನು ಎಬ್ಬಿಸಿ ಆ ಜಾಗದಲ್ಲಿ ಹೆಂಡತಿಯನ್ನು ಮಲಗಿಸಿದರು. ಪರದೆಯ ಆಚೆ ನಿಂತ ಮಾಸ್ಟರಿಗೆ "ಕೆಮ್ಮಿ", "ತಲೆ ಎತ್ತಿ" ಎನ್ನುವುದಷ್ಟೇ ಕೇಳಿಸಿತು. ಬಳಿಕ ಡಾಕ್ಟರು ಕೈ ತೊಳೆದು ಬಂದರು.

"ನಿಮ್ಮ ಮನೆಯವರಿಗೆ ಹರ್ನಿಯಾ ಇದೆ. ಸ್ನಾಯು ಮೂರು ಬೆರಳಷ್ಟು ಅಗಲಕ್ಕೆ ಬಿಟ್ಕೊಂಡಿದೆ. ಇದನ್ನ ಹೀಗೇ ಬಿಡೋದು ಒಳ್ಳೇದಲ್ಲ."

"ಆಗಲಿ ಮೇಡಂ, ಅವಳಿಗೂ ಆಮೇಲೆ ಒಂದು ತಾರೀಕು..."

"ನೀವು ಆ ತೂಕದ ಮೆಷಿನ್ ಮೇಲೆ ನಿಲ್ಲಿ."

ಮಾಸ್ಟರು ನಿಂತರು. ಡಾಕ್ಟರು ಹಳೆಯ ಕಾಗದ ತೆಗೆದು ನೋಡಿದರು. ಹೋದ ಸಲಕ್ಕಿಂತ ಐದು ಕಿಲೋ ಕಮ್ಮಿ.

"ಊಟ ಬಿಟ್ಟಿದ್ರಾ?"

"ಬಿಟ್ಟಿಲ್ಲ ಮೇಡಂ. ಒಂದೋ ಎರಡೋ ಅಂತ ಯೋಚನೆ ಮಾಡ್ತಾ ಮಾಡ್ತಾ ಸೇರ್ತಾ ಇರಲಿಲ್ಲ."

"ತೂಕ ಇನ್ನೂ ಇಳೀತಾ ಇರುವಾಗ ಕತ್ತರಿಸಿದ್ರೆ ಚರ್ಮ ಮತ್ತೆ ಜೋತು ಬೀಳುತ್ತೆ. ಆರು ತಿಂಗಳು ತೂಕ ಒಂದೇ ಕಡೆ ನಿಲ್ಲಿಸಿ, ಆಮೇಲೆ ಬನ್ನಿ. ಯಾವುದು ಮಾಡಬೇಕು ಅಂತ ಆಗ ಹೊಸದಾಗಿ ಯೋಚಿಸೋಣ. ಗುರುವಾರದ ತಾರೀಕು ಹೇಗೂ ಖಾಲಿ ಆಯ್ತಲ್ಲ, ನಾಳೆ ಪರೀಕ್ಷೆಗಳೆಲ್ಲ ಸರಿ ಬಂದ್ರೆ ಅಮ್ಮನವರದ್ದು ಮುಗಿಸಿಬಿಡೋಣ. ಏನಮ್ಮಾ, ಹರ್ನಿಯಾ ಮಾತ್ರ ಹೊಲಿಬಹುದು, ಇಲ್ಲ ಸ್ನಾಯುನೂ ಬಿಗಿ ಮಾಡಿ ಸಡಿಲ ಚರ್ಮ ತೆಗೆದು ಪೂರ್ತಿ ಸರಿ ಮಾಡಬಹುದು. ಮನೆಗೆ ಹೋಗಿ ಯೋಚಿಸಿ ಹೇಳ್ತೀರಾ?"

"ಪೂರ್ತಿ ಮಾಡಿ," ಎಂದಳು ಹೆಂಡತಿ, ಸೆರಗು ಸರಿಮಾಡಿಕೊಳ್ಳುತ್ತ. ಬದನೆಕಾಯಿ ಆರಿಸಲೂ ಅವಳು ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದಳು.

"ಆರು ವಾರ ಭಾರ ಎತ್ತೋ ಹಾಗಿಲ್ಲ. ಅಡುಗೆ, ಬಟ್ಟೆ, ಗುಡಿಸೋದು ಒರೆಸೋದು ಎಲ್ಲ ಇವರೇ ಮಾಡಲಿ. ರಜ ಸಿಗುತ್ತಾ?"

"ಸಿಕ್ಕಿದೆ ಮೇಡಂ," ಎಂದರು ಮಾಸ್ಟರು.

ಹೊರಗೆ ಬರುತ್ತಿದ್ದಂತೆ ಫೋನು ಹೊಡೆದುಕೊಂಡಿತು. ಆ ಕಡೆ ಅಕ್ಕ. ಮೆಷಿನ್ನುಗಳೆಲ್ಲ ನಿಂತು ಇಡೀ ಹಾಲು ಕಿವಿಗೊಟ್ಟಿರುವುದು ಇಲ್ಲಿಗೇ ಗೊತ್ತಾಗುತ್ತಿತ್ತು.

"ಮಾಸ್ಟರ್ರೇ, ಯಾವುದು ಅಂತ ಆಯ್ತು?"

ಪಕ್ಕದಲ್ಲಿ ಹೆಂಡತಿ, ಶುಕ್ರವಾರದಿಂದ ಎಷ್ಟು ಗಂಟೆಗೆ ಏಳಬೇಕು, ಪಾತ್ರೆ ಯಾವಾಗ ತೊಳೆಯಬೇಕು, ದೊಡ್ಡ ಮಗಳ ಟಿಫಿನ್ನಿಗೆ ಏನು ಕಟ್ಟಬಾರದು ಎಂದು ಬೆರಳು ಮಡಿಸುತ್ತ ಹೇಳತೊಡಗಿದ್ದಳು.

"ಎರಡನೇದು," ಎಂದರು ಮಾಸ್ಟರು.

"ನಾನು ಹೇಳಿರಲಿಲ್ವಾ," ಎಂದು ಹಿಂದಿನಿಂದ ಕಾಜಾನ ದನಿ ಕೇಳಿಸಿತು. ಅಕ್ಕ ಸೋತರೂ ಬೇಸರಪಡಲಿಲ್ಲ.

"ಹೋಗ್ಲಿ ಬಿಡಿ, ಒಳ್ಳೇದಾಗ್ಲಿ. ಹದಿನೈದು ದಿನ ಕಾಲು ಚಾಚಿಕೊಂಡು ಮಲಗಿ ಮಾಸ್ಟರ್ರೇ. ಒಂದು ಲೋಟ ಕೂಡ ಎತ್ತಬೇಡಿ. ಮನೆಯವರು ಎಲ್ಲ ನೋಡ್ಕೋತಾರೆ."