ನಾಪಿಗೆ ಕೊಟ್ಟ ಜಂಪರ್

ನಮ್ಮ ಮನೆಯ ಕಪಾಟಿನ ಮೇಲಿನ ಖಾನೆಯಲ್ಲಿ ನನಗಿಂತ ತೆಳ್ಳಗಿರುವ ಒಬ್ಬ ಹೆಂಗಸಿನ ಬಟ್ಟೆಗಳಿವೆ. ಆ ಹೆಂಗಸು ನಾನೇ. ಆಕೆಯನ್ನು ಕಂಡು ಹನ್ನೆರಡು ವರ್ಷಗಳಾದವು. ಆದರೂ ಎಂದಾದರೊಂದು ದಿನ ತಿರುಗಿ ಬಂದಾಳೆಂಬ ಆಸೆಯಿಂದ ಆಕೆಯ ಜಂಪರುಗಳನ್ನು, ಅಂದರೆ ಸೀರೆಯ ರವಿಕೆಗಳನ್ನು, ನುಸಿಗುಳಿಗೆ ಇಟ್ಟು ಜೋಪಾನ ಮಾಡಿದ್ದೇನೆ. ಹಳೆಯ ಬಟ್ಟೆಗೆ ಸ್ಟೀಲ್ ಡಬ್ಬಿ ಕೊಡುವವಳು ಬಾಗಿಲಿಗೆ ಬಂದಾಗ ನಮ್ಮ ಯಜಮಾನರ ಗಟ್ಟಿಮುಟ್ಟಾದ ಪ್ಯಾಂಟುಗಳನ್ನು ಧಾರಾಳವಾಗಿ ದಾನ ಮಾಡಿದ್ದೇನೆಯೇ ಹೊರತು ಆ ಖಾನೆಗೆ ಕೈಹಚ್ಚಗೊಟ್ಟಿಲ್ಲ. "ಅವು ನಿನಗ ಬರ್ತಾವೇನು?" ಎಂದು ಅವರು ಒಮ್ಮೆ ಕೇಳಿದರು. "ಈಗ ಬರಂಗಿಲ್ಲರಿ, ಮುಂದ ಬಂದಾಗ ಇರಬೇಕಲ್ಲ" ಎಂದೆ. ಅವರು ಹುಮನಾಬಾದಿನ ಧಾನ್ಯದ ಪೇಟೆಯಲ್ಲಿ ದಿನವಿಡೀ ತೊಗರಿ ಚೀಲಗಳ ನಡುವೆ ಕೆಲಸ ಮಾಡುವವರು. ಒಮ್ಮೆ ತುಂಬಿದ ಚೀಲ ತಾನಾಗಿ ಸಣ್ಣದಾದದ್ದನ್ನು ನೋಡಿದವರಲ್ಲ. ಪೇಪರು ಬಿಡಿಸಿದರು.

ಈ ಗುಟ್ಟು ಕಪಾಟಿನೊಳಗೇ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ನನ್ನ ನಾದಿನಿ ಜಗದೇವಿಯ ಮಗಳ ಮದುವೆ ಗೊತ್ತಾಯಿತು. ಜಗದೇವಿ ಇರುವುದು ಹುಮನಾಬಾದಿನಲ್ಲಿ. ನಮ್ಮನ್ನು ಕರೆಯಲೆಂದು ನಮ್ಮೂರು ಕಲ್ಯಾಣಕ್ಕೆ ಬಂದವಳು, ಚಹಾ ಕುಡಿಯುತ್ತ ಗೋಡೆಯ ಮೇಲಿನ ನಮ್ಮ ಗೃಹಪ್ರವೇಶದ ಫೋಟೋ ದಿಟ್ಟಿಸಿದಳು. "ವೈನಿ, ನಮ್ಮ ಅಣ್ಣನ ಬಾಜೂಕ ನಿಂತಾಕಿ ಯಾರು? ನಿಮ್ಮ ತಂಗೀನಾ?" ಎಂದಳು. ಅವಳ ಜೊತೆ ಬಂದ ನಾಲ್ಕು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ಬೈಯುವುದಿಲ್ಲ, ಆಣೆ ಇಡುತ್ತೇನೆ. ಅದು ಬೈಗುಳಕ್ಕಿಂತ ದುಬಾರಿ. "ನೋಡ ಜಗದೇವಿ, ಈ ಫೋಟೋದಾಗಿನ ಜಂಪರದ್ದೇ ಅಳತಿ ಕೊಟ್ಟು ಹೊಸಾದು ಹೊಲಿಸಿ ನಿನ್ನ ಮಗಳ ಲಗ್ನಕ್ಕ ಹಾಕ್ಕೊಂಡು ಬರ್ತೀನಿ. ಇಲ್ಲಂದ್ರ ಒಂದು ಫೋಟೋದಾಗೂ ಮುಂದ ನಿಂದರಂಗಿಲ್ಲ" ಎಂದುಬಿಟ್ಟೆ. ಹೇಳಿದ ಮೇಲೆ ಲೆಕ್ಕ ಹಾಕಿದೆ. ನಾನು ಮದುಮಗಳ ಸೋದರಮಾವನ ಹೆಂಡತಿ. ಹಂದರದಲ್ಲಿ ಮುಂದೆ ನಿಲ್ಲಬೇಕಾದವಳು ಹಿಂದೆ ನಿಂತರೆ, ಯಾಕೆ ಎಂದು ಕೇಳದ ಬೀಗರು ಯಾವ ಊರಿನಲ್ಲಿದ್ದಾರೆ?

ನಮ್ಮ ಕಡೆ ಜಂಪರ್ ಹೊಲಿಸುವಾಗ ಮೈ ಅಳತೆ ಕೊಡುವ ರೂಢಿ ಕಡಿಮೆ. ಸರಿಯಾಗಿ ಕೂರುವ ಹಳೆಯದೊಂದನ್ನು ಹೊಸ ಬಟ್ಟೆಯ ಜೊತೆ ಕೊಟ್ಟು ಬರುತ್ತೇವೆ. ಅದಕ್ಕೆ ನಾಪಿನ ಜಂಪರ್ ಎನ್ನುತ್ತಾರೆ. ಅದು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ಊರಿನ ಅರ್ಧ ಹೊಲಿಗೆ ನಿಂತಿದೆ. ಆ ನಂಬಿಕೆಗೆ ನಾನು ಮೋಸ ಮಾಡಿದೆ. ನಮ್ಮ ಓಣಿಯ ಕೊನೆಯಲ್ಲಿ, ಮನೆಯ ಪಡಸಾಲೆಯಲ್ಲೇ ಮಷೀನು ಇಟ್ಟುಕೊಂಡು ಹೊಲಿಯುವ ಮೆಹರುನ್ನಿಸಾ ಆಪಾ ಇದ್ದಾರೆ. ಹಸಿರು ಪೈಠಣಿ ಸೀರೆಯ ಜೊತೆ ಬಂದ ಒಂದೇ ಒಂದು ಜಂಪರ್ ತುಂಡನ್ನು ಅವರ ಮುಂದಿಟ್ಟು, ಅದರ ಮೇಲೆ ಗೃಹಪ್ರವೇಶದ ಜಂಪರನ್ನು ಇಟ್ಟೆ.

ಆಪಾ ಅದನ್ನು ಎರಡು ಕೈಯಲ್ಲಿ ಹಿಡಿದು ಎತ್ತಿ ನೋಡಿದರು. ಆಮೇಲೆ ಅದರ ಆಚೆ ಕೂತಿದ್ದ ನನ್ನನ್ನು ನೋಡಿದರು. ಜಂಪರಿನ ಎಡಕ್ಕೂ ಬಲಕ್ಕೂ ನಾನು ಕಾಣುತ್ತಿದ್ದೆನೆಂದು ತೋರುತ್ತದೆ.

"ಅಕ್ಕೋರ, ಇದು ಯಾರ ನಾಪ್ರಿ?"

"ನಂದೇ, ಆಪಾ."

"ಹೌದ್ರಿ? ಯಾವಾಗಿಂದು?"

ಶಾಲೆಯಲ್ಲಿ ಐದನೇ ಇಯತ್ತೆಗೆ ಗಣಿತ ಹೇಳುವ ನನ್ನನ್ನು ಹೀಗೆ ಯಾರೂ ಪ್ರಶ್ನೆ ಕೇಳಿದ್ದಿಲ್ಲ. "ಯಾವಾಗಿಂದಾರ ಇರಲಿ, ಲಗ್ನಕ್ಕ ಇನ್ನಾ ಎರಡು ತಿಂಗಳು ಅದ. ನೀವು ಇದರ ಪ್ರಕಾರ ಹೊಲೀರಿ, ನಾ ಇದರ ಪ್ರಕಾರ ಆಗ್ತೀನಿ" ಎಂದೆ. ಆಪಾ ಎರಡನ್ನೂ ಮಡಚಿ ಚೀಲದಲ್ಲಿ ಹಾಕಿ, "ಬಿಸ್ಮಿಲ್ಲಾ" ಎಂದರು. ದೊಡ್ಡ ಕೆಲಸ ಶುರುಮಾಡುವಾಗ ಅವರು ಹಾಗೆನ್ನುತ್ತಾರೆ. ನನ್ನ ಕೆಲಸವೋ ಅವರ ಕೆಲಸವೋ ಎಂದು ಹೇಳಲಿಲ್ಲ.

ಮರುದಿನದಿಂದಲೇ ನನ್ನ ವ್ರತ ಆರಂಭವಾಯಿತು. ನಸುಕಿನಲ್ಲಿ ಎದ್ದು ಕೋಟೆಯ ತನಕ ನಡೆದು ಬರುವುದು, ಮೂರು ರೊಟ್ಟಿಯ ಜಾಗದಲ್ಲಿ ಒಂದು ರೊಟ್ಟಿ. ನಡೆಯುವುದೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು, ತಿರುಗಿ ಬರುವ ದಾರಿಯಲ್ಲಿ ಭಜಿ ಕರಿಯುವವನು ಅದೇ ಹೊತ್ತಿಗೆ ಬಾಣಲೆ ಇಡುತ್ತಿದ್ದದ್ದು. ದಿನಾ ತಿನ್ನಲಿಲ್ಲ. ಮನೆಯವರಿಗೆ ಕಟ್ಟಿಸಿಕೊಂಡು ಬರುವಾಗ ಉಪ್ಪು ಸರಿಯಿದೆಯೇ ಎಂದು ನೋಡುತ್ತಿದ್ದೆ, ಅಷ್ಟೆ. ಒಂದು ಭಾನುವಾರ ಹುಮ್ಮಸ್ಸು ಹೆಚ್ಚಾಗಿ ನಾರಾಯಣಪುರದ ತನಕ ನಡೆದುಬಿಟ್ಟೆ. ಅಲ್ಲಿನ ಹಳೆಯ ಗುಡಿಯ ಗೋಡೆಯ ಮೇಲೆ ಕಲ್ಲಿನ ಹೆಂಗಸರು ಹಿಡಿಯಷ್ಟು ನಡು ಬಳುಕಿಸಿ ನಿಂತಿದ್ದರು. ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು. ಆಮೇಲೆ ಯೋಚಿಸಿದೆ: ಇಷ್ಟು ನೂರು ವರ್ಷ ರೊಟ್ಟಿ ತಿನ್ನದೆ ನಿಂತರೆ ಯಾರಿಗಾದರೂ ನಡು ಉಳಿಯುತ್ತದೆ. ಸಮಾಧಾನವಾಗಿ, ಆಟೋದಲ್ಲಿ ಮನೆಗೆ ಬಂದೆ.

ತಿಂಗಳಾದ ಮೇಲೆ ಏನಾಗಿದೆ ನೋಡೋಣವೆಂದರೆ ಮನೆಯಲ್ಲಿ ತೂಕದ ಯಂತ್ರವಿಲ್ಲ. "ನಮ್ಮ ಪೇಟಿಗಿ ಬಾ, ಚೀಲ ತೂಗೋ ಕಾಟಾ ಅದ, ಗ್ರಾಂ ಸಮೇತ ಖರೆ ಹೇಳ್ತದ" ಎಂದರು ಯಜಮಾನರು. ಹಮಾಲರೆಲ್ಲ ನೋಡುವಾಗ ಕಾಟಾ ಹತ್ತುವುದನ್ನು ನೆನೆದೇ ಅರ್ಧ ಕಿಲೋ ಇಳಿದಿರಬೇಕು ಎಂದುಕೊಂಡು ಅಲ್ಲಿಗೆ ಆ ವಿಚಾರ ಬಿಟ್ಟೆ.

ನಡುವೆ ರಂಜಾನ್ ಹಬ್ಬ ಬಂತು. ಪ್ರತಿ ವರ್ಷದಂತೆ ಆಪಾ ಮನೆಗೆ ಹೋದೆ. ಅವರು ಬಾಗಿಲಲ್ಲೇ ಎದುರಾಗಿ, ಎರಡೂ ತೋಳು ಚಾಚಿ, "ಈದ್ ಮುಬಾರಕ್ ಅಕ್ಕೋರ" ಎಂದು ಬಿಗಿಯಾಗಿ ಅಪ್ಪಿಕೊಂಡರು. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ, ಮತ್ತೊಮ್ಮೆ ಬಲಕ್ಕೆ. ಆ ಸಲ ತುಸು ಹೆಚ್ಚು ಹೊತ್ತೇ ಹಿಡಿದಿದ್ದರು. ನನಗೆ ಕಣ್ಣು ತುಂಬಿ ಬಂತು. ಎಷ್ಟು ಪ್ರೀತಿ ಈ ಜೀವಕ್ಕೆ ಎಂದುಕೊಂಡೆ. ಆ ಪ್ರೀತಿಗೆ ಎದುರಾಡಬಾರದೆಂದು ಎರಡು ಬಟ್ಟಲು ಹಾಲು-ಶ್ಯಾವಿಗೆಯ ಶೀರ್ ಖುರ್ಮಾ ಕುಡಿದೆ.

ಮದುವೆಯ ಹಿಂದಿನ ದಿನ ಜಂಪರ್ ಕೈಸೇರಿತು. ಅದಕ್ಕೆ ಮೊದಲು ಕೊಡುವವರು ದರ್ಜಿಗಳೇ ಅಲ್ಲ. "ಹಾಕ್ಕೊಂಡು ನೋಡ್ರಿ" ಎಂದರು ಆಪಾ. "ಬಸ್ಸಿಗಿ ಹೊತ್ತಾಗ್ತದ" ಎಂದು ಗಂಟನ್ನು ಚೀಲಕ್ಕೆ ತುರುಕಿದೆ. ಹೊತ್ತು ಬೇಕಾದಷ್ಟಿತ್ತು, ಧೈರ್ಯ ಇರಲಿಲ್ಲ. ಹುಮನಾಬಾದಿನ ದಾರಿಯುದ್ದಕ್ಕೂ ಆ ಚೀಲ ನನ್ನ ತೊಡೆಯ ಮೇಲೆ ಕೂತಿತ್ತು. ಪರೀಕ್ಷೆಯ ಪ್ರಶ್ನೆಪತ್ರಿಕೆಯ ಗಂಟನ್ನೂ ನಾನು ಅಷ್ಟು ಹೆದರಿ ಹೊತ್ತಿರಲಿಲ್ಲ.

ಬೆಳಿಗ್ಗೆ ಫಂಕ್ಷನ್ ಹಾಲಿನ ಹೆಂಗಸರ ಖೋಲಿಯಲ್ಲಿ ಮೂಲೆಗೆ ಮುಖ ಮಾಡಿ ನಿಂತು ತೋಳು ತೂರಿಸಿದೆ. ತೋಳು ಹೋಯಿತು. ಮೊದಲ ಹುಕ್ಕು ಬಿತ್ತು. ಎರಡನೆಯದು, ಮೂರನೆಯದು, ಒಂದೂ ತಕರಾರು ಮಾಡಲಿಲ್ಲ. ಮೈಗೆ ಎಣ್ಣೆ ಹಚ್ಚಿದಂತೆ ಕೂತಿತು. ನನಗಾದ ಆನಂದವನ್ನು ಏನೆಂದು ಹೇಳಲಿ! ಮದುಮಗಳಿಗಿಂತ ಮೊದಲು ನಾನೇ ಹೊರಗೆ ಬಂದು ಜಗದೇವಿಯ ಮುಂದೆ ಒಂದು ಸುತ್ತು ತಿರುಗಿದೆ. ಅವಳು ನೋಡಿದಳು, ಮುಟ್ಟಿ ನೋಡಿದಳು. "ಸೋತೆ ವೈನಿ, ಮುಂದ ಬರ್ರಿ" ಎಂದು ಕೈಹಿಡಿದು ಒಯ್ದು ಮಗಳ ಪಕ್ಕದಲ್ಲೇ ನಿಲ್ಲಿಸಿದಳು. ಊಟದ ಹೊತ್ತಿಗೆ ನನ್ನ ಸುತ್ತ ಹೆಂಗಸರು ನೆರೆದಿದ್ದರು. ಏನು ತಿನ್ನಬೇಕು, ಏನು ಬಿಡಬೇಕು, ಮನಸ್ಸು ಹೇಗೆ ಗಟ್ಟಿ ಮಾಡಬೇಕು ಎಂದು ಉಪದೇಶ ಮಾಡಿದೆ. ನಡುನಡುವೆ ಗೋಧಿ ಹುಗ್ಗಿ ಬಡಿಸುವವನನ್ನು ಎರಡು ಸಲ ಕರೆದೆ. ಗೆದ್ದವರಿಗೆ ಅಷ್ಟು ಹಕ್ಕಿಲ್ಲವೇ?

ಊರಿಗೆ ಬಂದು ಚೀಲ ಬಿಚ್ಚಿದಾಗ ತಳದಲ್ಲಿ ನಾಪಿನ ಜಂಪರ್ ಇತ್ತು. ಸುಮ್ಮನೆ ಹೊಸದರ ಮೇಲೆ ಹಾಸಿದೆ. ಎರಡೂ ಕಡೆ ಹಸಿರು ಅಂಚು ಹೊರಗೆ ಉಳಿಯಿತು, ತಲಾ ಎರಡೆರಡು ಬೆರಳು. "ಮೊದಲು ಅಂದಾಜು ಮಾಡಿ, ಆಮೇಲೆ ಅಳೆದು ತಾಳೆ ನೋಡಿ" ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳುವವಳು ನಾನು. ಜಂಪರನ್ನು ಬಗಲಲ್ಲಿ ಹಿಡಿದುಕೊಂಡು ಸೀದಾ ಆಪಾ ಮನೆಗೆ ಹೋದೆ.

"ಆಪಾ, ನಾ ಕೊಟ್ಟ ನಾಪ ಒಂದು, ನೀವು ಹೊಲ್ದದ್ದು ಒಂದು!"

ಆಪಾ ಮಷೀನು ನಿಲ್ಲಿಸಿ ನಕ್ಕರು. "ತುಂಡು ಒಂದೇ ಇತ್ತಲ್ರಿ ಅಕ್ಕೋರ. ನಿಮ್ಮ ಮಾತು ಕೇಳಿ ಕತ್ತರಿ ಹಾಕಿದ್ರ ಪೈಠಣಿ ಹಾಳು, ಲಗ್ನದಾಗಿನ ನಿಮ್ಮ ಖುಷಿನೂ ಹಾಳು."

"ಮತ್ತ ನನ್ನ ಅಳತಿ ಹ್ಯಾಂಗ ಸಿಕ್ತು? ನೀವು ಟೇಪ್ ಹಿಡದೇ ಇಲ್ಲ."

"ಟೇಪ್ ಹಿಡದ್ರ ಎಲ್ಲಾರೂ ಉಸುರು ಬಿಗಿ ಹಿಡೀತಾರ್ರಿ. ಅಪ್ಪಿಕೊಂಡ್ರ ಯಾರೂ ಹಿಡಿಯಂಗಿಲ್ಲ. ಈದ್ ದಿನ ತಗೊಂಡೆ."

ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ನನ್ನ ಕಣ್ಣೀರು ತರಿಸಿದ ಅಪ್ಪುಗೆಯಲ್ಲಿ ಪ್ರೀತಿ ಎಷ್ಟಿತ್ತು, ಇಂಚು ಎಷ್ಟಿತ್ತು ಎಂದು ಕೇಳಲಿಲ್ಲ. ನನ್ನ ಮಾನ ಉಳಿಸಲು ಸುಳ್ಳನ್ನು ಹೊಲಿದು ಕೊಟ್ಟವರಲ್ಲಿ ಲೆಕ್ಕ ಕೇಳುವುದು ಸರಿಯಲ್ಲ. ಜಗದೇವಿಗೆ ನಿಜ ಹೇಳಬೇಕೆಂದು ಎರಡು ಸಲ ಫೋನು ಎತ್ತಿದೆ. ಎರಡೂ ಸಲ ಅವಳೇ, "ವೈನಿ, ಇವತ್ತು ಒಂದೇ ರೊಟ್ಟಿ ತಿಂದೆ" ಎಂದು ಶುರುಮಾಡಿದಳು. ಶಹಬ್ಬಾಸ್ ಎಂದು ಫೋನು ಇಟ್ಟೆ.

ಅಳಿಯನ ಮೊದಲ ದೀಪಾವಳಿಗೆ ಜಂಪರ್ ಹೊಲಿಸುತ್ತೇನೆಂದು ಜಗದೇವಿ ಕಲ್ಯಾಣಕ್ಕೆ ಬಂದಳು. ಚೀಲದಿಂದ ನಾಪಿಗೆಂದು ತೆಗೆದದ್ದು ಮಗಳ ಜಾವಳದಲ್ಲಿ, ಅಂದರೆ ಅವಳ ಮೊದಲ ಕೂದಲು ತೆಗೆಸಿದಾಗ, ತಾನು ತೊಟ್ಟಿದ್ದ ಜಂಪರ್. ನನ್ನದಾದರೂ ಹನ್ನೆರಡು ವರ್ಷದ್ದು, ಅವಳದು ಇಪ್ಪತ್ತು ದಾಟಿತ್ತು. "ನೀವೇ ನನಗ ದಾರಿ ತೋರಿಸಿದ್ರಿ ವೈನಿ" ಎಂದಳು. ನಾನು ಅವಳನ್ನು ಆಪಾ ಮನೆಗೆ ಕರೆದೊಯ್ದೆ.

ಆಪಾ ಆ ಜಂಪರನ್ನು ನೋಡಿದರು, ಜಗದೇವಿಯನ್ನು ನೋಡಿದರು. ಒಂದೂ ಪ್ರಶ್ನೆ ಕೇಳಲಿಲ್ಲ. ಎದ್ದು ಬಂದು, "ಮಗಳ ಲಗ್ನ ಆತಂತಲ್ಲ, ಮುಬಾರಕ್ ತಂಗಿ, ಬರ್ರಿ" ಎಂದು ತೋಳು ಚಾಚಿದರು. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ. ಜಗದೇವಿಯ ಕಣ್ಣು ತುಂಬಿತು. ನಾನು ಬಾಗಿಲಾಚೆ ಮುಖ ತಿರುಗಿಸಿ ನಿಂತೆ, ನಗು ತಡೆಯಲಾಗುತ್ತಿರಲಿಲ್ಲ.

"ಅಕ್ಕೋರ, ನೀವೂ ಬರ್ರಿ" ಎಂಬ ದನಿ ಕೇಳಿತು. ಮದುವೆಯ ಹುಗ್ಗಿಯಿಂದ ಈಚೆಗೆ ನಾನು ಕೋಟೆಯ ಕಡೆ ನಡೆದೇ ಇಲ್ಲ. ತಪ್ಪಿಸಿಕೊಳ್ಳುವಂತಿರಲಿಲ್ಲ. ಹೊಟ್ಟೆಯನ್ನು ಆದಷ್ಟು ಒಳಗೆಳೆದುಕೊಂಡು ಅವರ ತೋಳುಗಳೊಳಗೆ ಹೋದೆ.

ಆಪಾ ನನ್ನ ಬೆನ್ನು ತಟ್ಟಿ, ನನಗಷ್ಟೇ ಕೇಳುವ ಹಾಗೆ ಹೇಳಿದರು: "ಉಸುರು ಬಿಡ್ರಿ ಅಕ್ಕೋರ, ಹಸಿರು ಜಂಪರದ ಹೊಲಿಗಿ ಒಳಗ ಇನ್ನಾ ಎರಡು ಬೆರಳು ಬಟ್ಟಿ ಬಿಟ್ಟೀನಿ."